ಎಸ್ ಅಂದರೆ ಎಸ್ಸೇ

ಸಂಗೀತದ ವಿಷಯದಲ್ಲಿ ನಮ್ಮ ಮನೆಯಲ್ಲಿ ನನಗೆ ಮತದಾನದ ಹಕ್ಕಿಲ್ಲ. ನನ್ನ ಹೆಂಡತಿ ಶೈಲಜಾ ಹಾಡುವಾಗ ನಾನು ತಲೆದೂಗಿದರೆ "ತಾಳ ತಪ್ಪಿಸ್ಬೇಡಿ" ಅನ್ನುತ್ತಾಳೆ. ಸುಮ್ಮನಿದ್ದರೆ "ಕಂಬದ ಥರ ಕೂತಿದೀರಲ್ಲ" ಅನ್ನುತ್ತಾಳೆ. ಮದುವೆಯಾದ ಹೊಸತರಲ್ಲಿ ಅವಳ ಶ್ರುತಿಪೆಟ್ಟಿಗೆಯ ಸದ್ದು ಕೇಳಿ, ಫ್ರಿಜ್ಜು ಕೆಟ್ಟಿದೆಯೆಂದು ಮೆಕ್ಯಾನಿಕ್ಕಿಗೆ ಫೋನ್ ಮಾಡಿದ್ದೆ. ಹದಿನೇಳು ವರ್ಷವಾದರೂ ಆ ಪ್ರಕರಣದ ವಿಚಾರಣೆ ಮುಗಿದಿಲ್ಲ.

ಆದರೆ ಲೇಬಲ್ಲಿನ ವಿಷಯಕ್ಕೆ ಬನ್ನಿ. ಅಲ್ಲಿ ನಾನು ಸಾಮ್ರಾಟ. ನೈರೋಬಿಯ ಒಂದು ಔಷಧಿ ಕಾರ್ಖಾನೆಯಲ್ಲಿ ಪ್ಯಾಕಿಂಗ್ ವಿಭಾಗದ ಮ್ಯಾನೇಜರ್ ನಾನು, ಹೆಸರು ಚಕ್ರಪಾಣಿ. ಯಾವ ಸೀಸೆಯ ಮೇಲೆ ಯಾವ ಹೆಸರು, ಎಷ್ಟು ದಪ್ಪ ಅಕ್ಷರ, ಎಲ್ಲವೂ ನನ್ನ ಸಹಿಯಾಗದೆ ಮುಂದೆ ಹೋಗುವುದಿಲ್ಲ. ಒಂಬತ್ತು ವರ್ಷದಲ್ಲಿ ಒಂದು ಕೆಮ್ಮಿನ ಸಿರಪ್ಪಿಗೂ ತಪ್ಪು ಲೇಬಲ್ ಬಿದ್ದಿಲ್ಲ. (ಇದನ್ನು ಮನೆಯಲ್ಲಿ ಹೇಳಿದರೆ "ಸರಿ, ಆ ಒಗ್ಗರಣೆ ಡಬ್ಬಿಗೂ ಒಂದು ಅಂಟಿಸಿ" ಅನ್ನುತ್ತಾರೆ.)

ಈ ಎರಡು ಲೋಕಗಳೂ ಅವುಗಳ ಪಾಡಿಗೆ ಅವು ಇದ್ದವು. ಅವು ಒಂದಕ್ಕೊಂದು ಡಿಕ್ಕಿ ಹೊಡೆದದ್ದು ಕಳೆದ ಅಕ್ಟೋಬರಿನಲ್ಲಿ.

ಇಲ್ಲಿಯ ನಮ್ಮ ಕನ್ನಡ ಸಂಘದಲ್ಲಿ ಆರು ವರ್ಷದಿಂದ ಶೈಲಜಾಳಿಗೆ ಸಿಗುತ್ತಿದ್ದದ್ದು ಪ್ರಾರ್ಥನೆ. ಪ್ರಾರ್ಥನೆ ಎಂದರೆ ಜನ ಇನ್ನೂ ಕಾರು ನಿಲ್ಲಿಸುತ್ತ, ಕುರ್ಚಿ ಹಿಡಿಯುತ್ತ, "ಸಾಂಬಾರ್ ಯಾರ ಮನೇದು?" ಎಂದು ವಿಚಾರಿಸುತ್ತ ಇರುವಾಗ ಹಾಡುವ ಹಾಡು. ಅವಳ ಹಾಡನ್ನು ಪೂರ್ತಿಯಾಗಿ ಕೇಳಿದವನು ಮೈಕಿನವನೊಬ್ಬನೇ. ಈ ಸಲ ಅವಳು ಸಂಘದ ಅಧ್ಯಕ್ಷ ಧನಂಜಯ ಅವರ ಮುಂದೆ ನಿಂತು, "ನಾನೇ ಒಂದು ಹಾಡು ಬರ್ದು ಮೋಹನ ರಾಗದಲ್ಲಿ ಕೂರಿಸಿದೀನಿ. ರಾಜ್ಯೋತ್ಸವಕ್ಕೆ ಕೊನೇ ಐಟಮ್ ಅದೇ" ಎಂದು ಹೇಳಿಬಂದಳು. ಕೊನೆಯ ಐಟಮ್ ಎಂದರೆ ಊಟಕ್ಕೆ ಮುಂಚಿನದು. ಅದಕ್ಕಿಂತ ಭದ್ರವಾದ ಸ್ಥಾನ ಯಾವ ಸಂಘದಲ್ಲೂ ಇಲ್ಲ. ಊಟ ಬಿಟ್ಟು ಯಾರೂ ಎದ್ದು ಹೋಗುವುದಿಲ್ಲ.

ಹಾಡು ಈ ಊರಿನದು. ಅಕ್ಟೋಬರಿನಲ್ಲಿ ಜಕರಾಂಡ ಮರಗಳು ರಸ್ತೆಯ ತುಂಬ ಹೂ ಉದುರಿಸುತ್ತವಲ್ಲ, ಅದು. "ನೇರಳೆ ಹಾಸಿದೆ ಬೀದಿಯ ತುಂಬ, ನಡೆಯುವುದಾದರೂ ಹೇಗೆ?" ಎಂದು ಶುರುವಾಗುತ್ತದೆ. ಅವಳು ಅಡುಗೆಮನೆಯಲ್ಲಿ ಗುನುಗುವುದನ್ನು ಕೇಳಿ ನನಗೂ ಏನೋ ಆಗಿತ್ತು. ಏನಾಯಿತೆಂದು ಹೇಳಿದರೆ ರಾಗದ ಹೆಸರು ಕೇಳುತ್ತಾಳೆಂದು ಸುಮ್ಮನಿದ್ದೆ.

ಅವಳ ಇನ್ನೊಂದು ಆಸೆ, ಈ ಊರಿನ ಹಾಡನ್ನು ಈ ಊರಿನವರೂ ಜೊತೆಗೆ ಹಾಡಬೇಕು ಎಂಬುದು. ನಮ್ಮ ಮಗಳು ಅಪೇಕ್ಷಾಳ ಶಾಲೆಯಲ್ಲಿ ಸಂಗೀತ ಕಲಿಸುವ ವಾಂಜಿರು ಅವರದು ಪಂಗಾನಿ ಬಡಾವಣೆಯ ಚರ್ಚೊಂದರಲ್ಲಿ ದೊಡ್ಡ ಕಾಯರ್, ಅಂದರೆ ಹಾಡುವವರ ತಂಡ. ಒಂದು ಭಾನುವಾರ ಅವರು ಪಾರ್ಕ್‌ಲ್ಯಾಂಡ್ಸಿನ ನಮ್ಮ ಫ್ಲ್ಯಾಟಿಗೆ ಬಂದು, ಉಪ್ಪಿಟ್ಟು ತಿಂದು, ಹಾಡು ಕೇಳಿ, ಎದೆಯ ಮೇಲೆ ಕೈಯಿಟ್ಟುಕೊಂಡು, "ಮ್ವಾಲಿಮು, ಖಂಡಿತ ಹಾಡ್ತೀವಿ" ಅಂದರು. ಮ್ವಾಲಿಮು ಎಂದರೆ ಗುರುಗಳು. (ಅವರು ಆಡಿದ್ದು ಇಂಗ್ಲಿಷು. ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ. ಈ ಅನುವಾದದಲ್ಲಿ ತಪ್ಪಿಲ್ಲ.)

"ಆದರೆ ನಮ್ಮವರಿಗೆ ಕಾಗದದ ಮೇಲೆ ಬೇಕು," ಅಂದರು ವಾಂಜಿರು. "ಗೆರೆಗಳ ಮೇಲಿನ ಚುಕ್ಕಿ ಓದೋಕೆ ಬರಲ್ಲ ಅವರಿಗೆ. ನಮ್ಮದು ಸೋಲ್-ಫಾ. ಸ್ವರದ ಮೊದಲ ಅಕ್ಷರ ಬರೆದುಕೊಟ್ಟರೆ ಸಾಕು."

ಶೈಲಜಾ ತನ್ನ ನೋಟ್‌ಬುಕ್ ನೋಡಿಕೊಂಡಳು. ಅದರಲ್ಲಿ ಎಲ್ಲ ಕನ್ನಡದಲ್ಲಿ ಸರಿಗಪದ; ಮೇಲೊಂದು ಚುಕ್ಕೆ, ಕೆಳಗೊಂದು ಚುಕ್ಕೆ, ಮಧ್ಯೆ ಹಾಲಿನ ಲೆಕ್ಕ.

ಆಗ ನಾನು ಬಾಯಿ ತೆರೆದೆ. "ಇದು ಸಂಗೀತದ ಸಮಸ್ಯೆಯೇ ಅಲ್ಲ. ಲೇಬಲ್ಲಿಂಗ್ ಸಮಸ್ಯೆ. ನನಗೆ ಬಿಡಿ."

"ರೀ, ನಿಮಗೆ ಬಿಡೋದಾ?" ಅಂದಳು ಶೈಲಜಾ. ಅತಿಥಿಯ ಎದುರು ಅವಳು ನಗುತ್ತಲೇ ಹೇಳಿದ್ದರಿಂದ ಅದನ್ನು ಒಪ್ಪಿಗೆ ಎಂದು ಪರಿಗಣಿಸಿದೆ.

ಅಪೇಕ್ಷಾಳ ಲ್ಯಾಪ್‌ಟಾಪಿನಲ್ಲಿ ಸ್ವರ ಬರೆಯುವ ಒಂದು ಸಾಫ್ಟ್‌ವೇರ್ ಇದೆ. ಅಮ್ಮ ಹಾಡಿದ್ದನ್ನು ಅವಳು ಕೀಬೋರ್ಡಿನಲ್ಲಿ ನುಡಿಸಿದಳು. ಚುಕ್ಕಿಗಳು ತಾವಾಗಿಯೇ ಗೆರೆಗಳ ಮೇಲೆ ಬಂದು ಕೂತವು. ಇಪ್ಪತ್ತು ನಿಮಿಷದ ಕೆಲಸ. ಅಲ್ಲಿಗೇ ನಿಲ್ಲಿಸಿದ್ದರೆ ಈ ಕಥೆ ಇರುತ್ತಿರಲಿಲ್ಲ. ನಾನು "ಸೆಟ್ಟಿಂಗ್ಸ್" ಒತ್ತಿದೆ.

ಓದುಗರೇ, ಸ್ವರಕ್ಕೆ ಹೆಸರು ಎಂದರೆ ಏಳೇ ಅಂದುಕೊಂಡಿದ್ದೆ. ಆ ಪಟ್ಟಿ ನೋಡಿ ತಲೆ ತಿರುಗಿತು. ಇಂಗ್ಲಿಷರ ಸಿ-ಡಿ-ಇ ಒಂದು ಕಡೆ. ಜರ್ಮನರದು ಇನ್ನೊಂದು ಕಡೆ. ಅವರು ಬಿ ಇರಬೇಕಾದ ಕಡೆ ಹೆಚ್ ಬರೆಯುತ್ತಾರಂತೆ, ಯಾಕೆಂದು ಅವರಿಗೇ ಗೊತ್ತು. ದೋ-ರೆ-ಮಿ ಎರಡು ಥರ, ಕದಲುವ ದೋ ಮತ್ತು ಕದಲದ ದೋ. ಸ-ರಿ-ಗ ಕೂಡ ಇತ್ತು. ಎಲ್ಲಕ್ಕಿಂತ ಕೆಳಗೆ "ನಿಮಗೆ ಬೇಕಾದ ಹೆಸರು" ಎಂಬ ಖಾಲಿ ಜಾಗ. ನನ್ನಂಥವನಿಗೆ ಖಾಲಿ ಜಾಗ ತೋರಿಸಬಾರದು.

ಮೊದಲು ಇಂಗ್ಲಿಷ್ ಹೆಸರೇ ಬರುತ್ತಿತ್ತು, ಪಕ್ಕದಲ್ಲಿ ಅಂಕಿ ಸಮೇತ. ಶೈಲಜಾ ಬಗ್ಗಿ ನೋಡಿದಳು. "ಸಿ ನಾಲ್ಕು, ಡಿ ನಾಲ್ಕು, ಸಿ ಐದು... ಇದೇನ್ರೀ, ಬಸ್ ಸೀಟ್ ನಂಬರಾ?"

"ಸ್ಥಾಯಿ ಕಣೇ. ನಾಲ್ಕು ಅಂದ್ರೆ ಮಧ್ಯ, ಐದು ಅಂದ್ರೆ ಮೇಲಿನದು."

"ಅದಕ್ಕೇ ಈ ಲ್ಯಾಪ್‌ಟಾಪ್ ಇಷ್ಟು ಕಿರುಚ್ತಿರೋದು. ಈ ಎತ್ತರದಲ್ಲಿ ಯಾರು ಹಾಡ್ತಾರೆ? ಇಳಿಸಿ."

ಇಳಿಸುವುದು ಎಲ್ಲಿ ಎಂದು ಹುಡುಕಿದೆ. "ಮಧ್ಯದ ಸಿ ಹೇಗೆ ತೋರಿಸಬೇಕು: ಮೂರು, ನಾಲ್ಕು, ಐದು" ಎಂದು ಒಂದು ಕಡೆ ಕೇಳಿತ್ತು. ಸೀಲಿಂಗ್ ಫ್ಯಾನಿನ ರೆಗ್ಯುಲೇಟರ್ ತಿರುಗಿಸಿದ ಹಾಗೆ ನಾಲ್ಕರಿಂದ ಮೂರಕ್ಕೆ ತಿರುಗಿಸಿ, ಮತ್ತೆ ಹಾಡಿಸಿದೆ.

ಶೈಲಜಾ ಕಣ್ಣು ಮುಚ್ಚಿ ಕೇಳಿದಳು. "ಹ್ಞಾ... ಈಗ ಇಳೀತು. ಗಂಟಲಿಗೆ ಹಿತವಾಗಿದೆ."

"ನೋಡಿದ್ಯಾ?" ಅಂದೆ. ಹದಿನೇಳು ವರ್ಷದಲ್ಲಿ ಮೊದಲ ಬಾರಿ ಸಂಗೀತದಲ್ಲಿ ನಾನು ಗೆದ್ದಿದ್ದೆ.

ಅಪೇಕ್ಷಾ ಸೋಫಾದಿಂದ ತಲೆಯೆತ್ತಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಅಪ್ಪಾ, ನಥಿಂಗ್ ಚೇಂಜ್ಡ್. ದಟ್ಸ್ ಓನ್ಲಿ ದ ಡಿಸ್‌ಪ್ಲೇ. ಸೇಮ್ ಸೌಂಡ್."

"ಮತ್ತೆ ಅಮ್ಮಂಗೆ ಇಳಿದಿದ್ದು ಹೇಗೆ ಕೇಳಿಸ್ತು?"

"ಆಸ್ಕ್ ಅಮ್ಮ."

ಅಮ್ಮ ತಟಕ್ಕನೆ ಕಣ್ಣು ಬಿಟ್ಟಳು. "ನೀವು ಇಳೀತು ಇಳೀತು ಅಂತ ಮುಖ ಮಾಡಿದ್ರೆ ನನ್ಗೂ ಹಾಗೇ ಕೇಳ್ಸತ್ತೆ. ಹೋಗ್ಲಿ ಬಿಡಿ, ಶ್ರುತಿ ನಾನೇ ಇಟ್ಕೋತೀನಿ. ನೀವು ಅಕ್ಷರ ಮಾತ್ರ ನೋಡಿ." ಎಂದು ಎದ್ದು ಹೋದಳು. ಸ್ಥಾಯಿ ಮೂರರಲ್ಲೇ ಉಳಿಯಿತು.

ಅಕ್ಷರದ ಕೆಲಸಕ್ಕೆ ಕೂತೆ. ಸ-ರಿ-ಗ ಆರಿಸಿದರೆ, ವೇಗದ ಸಾಲುಗಳಲ್ಲಿ ಸಾರಿಗಾಪಾ ಎಲ್ಲ ಇಲ್ಲಿಯ ಮಿನಿಬಸ್ಸು ಮಟಾಟುವಿನ ಸಂಜೆಯ ಪ್ರಯಾಣಿಕರ ಹಾಗೆ ಒಬ್ಬರ ಮೇಲೊಬ್ಬರು ಬಿದ್ದಿದ್ದರು. ಒಂದೊಂದೇ ಅಕ್ಷರ ಸಾಕು ಎಂದಿದ್ದರಲ್ಲ ವಾಂಜಿರು? ಖಾಲಿ ಜಾಗದಲ್ಲಿ ಇಂಗ್ಲಿಷ್ ಅಕ್ಷರ ತುಂಬಿದೆ: ಸ-ಗೆ ಎಸ್, ರಿ-ಗೆ ಆರ್, ಗ-ಗೆ ಜಿ, ಪ-ಗೆ ಪಿ, ಧ-ಗೆ ಡಿ. ಎಂಥ ಸ್ವಚ್ಛ ಲೇಬಲ್!

"ನಮಗೊಂದು, ಅವರಿಗೊಂದು, ಬೇರೆಬೇರೆ ಮಾಡ್ತೀರಿ ತಾನೆ?" ಎಂದು ಒಳಗಿಂದ ಕೇಳಿದಳು ಶೈಲಜಾ.

"ಒಂದೇ ಔಷಧಿಗೆ ಎರಡು ಲೇಬಲ್ ಹಾಕೋದು ಅಪರಾಧ ಕಣೆ," ಅಂದೆ. ಸೋಲ್-ಫಾ ಎಂದರೆ ನಮ್ಮ ಸ-ಪ ಎಂದೇ ನಾನು ತಿಳಿದಿದ್ದೆ. ಉಚ್ಚಾರ ಮಾತ್ರ ಆ ಕಡೆಯದು. ಹಾಳೆಯ ನೆತ್ತಿಯ ಮೇಲೆ "ಆರಂಭ: ಸಿ ಮೂರು" ಎಂದು ಸಾಫ್ಟ್‌ವೇರೇ ಅಚ್ಚು ಹಾಕಿತ್ತು. ಚೆನ್ನಾಗಿ ಕಾಣುತ್ತಿತ್ತು, ಬಿಟ್ಟೆ. ವಾಂಜಿರು ಅವರಿಗೆ ವಾಟ್ಸಾಪಿನಲ್ಲಿ ಕಳಿಸಿದೆ.

ಮರುದಿನ ಊಟದ ಹೊತ್ತಿಗೆ ಅವರ ಪ್ರಶ್ನೆ ಬಂತು. "ಬ್ವಾನಾ ಚಕ್ರ, ಜಿ ಮತ್ತು ಪಿ ಎಂದರೇನು? ನಮ್ಮಲ್ಲಿ ಆ ಅಕ್ಷರಗಳಿಲ್ಲ." ಬ್ವಾನಾ ಎಂದರೆ ಸಾಹೇಬರು.

ಸಂಜೆ ಮನೆಗೆ ಬಂದು ಅಪೇಕ್ಷಾಳನ್ನು ಕೇಳಿದೆ. ಕಿವಿಯಲ್ಲಿ ಹೆಡ್‌ಫೋನ್ ಇಟ್ಟುಕೊಂಡೇ ಅವಳು, "ಗ ಈಸ್ ಮಿ. ಪ ಈಸ್ ಸೋ," ಅಂದಳು. ನಾನು ಬರೆದೆ: "ಜಿ ಅಂದರೆ ಎಮ್. ಪಿ ಅಂದರೆ ಎಸ್."

ಉತ್ತರ ಬಂತು. "ಸರಿ. ಪಿ ಅಂದರೆ ಎಸ್. ಮತ್ತೆ ಎಸ್ ಅಂದರೂ ಎಸ್ಸೇನಾ?"

ನೀವೇ ಹೇಳಿ. ಎಸ್ ಅಂದರೆ ಎಸ್ಸೇನಾ ಎಂದು ಒಬ್ಬ ಹೆಂಗಸು ಕೇಳಿದರೆ ಏನು ಹೇಳುತ್ತೀರಿ? ಇದಕ್ಕಿಂತ ನಿಸ್ಸಂದೇಹವಾದ ಸತ್ಯ ಜಗತ್ತಿನಲ್ಲಿದೆಯೇ? "ಹೌದು, ಎಸ್ ಅಂದರೆ ಎಸ್ಸೇ" ಎಂದು ಬರೆದು, ಹೆಬ್ಬೆರಳು ಎತ್ತಿದ ಚಿತ್ರವನ್ನೂ ಹಾಕಿದೆ.

ಮೂರು ವಾರ ಎಲ್ಲ ಸದ್ದಿಲ್ಲದೆ ನಡೆಯಿತು. ಅವರ ಅಭ್ಯಾಸ ಪಂಗಾನಿಯಲ್ಲಿ. ಶೈಲಜಾ ಸೇರಿಸಿಕೊಂಡಿದ್ದ ಸಂಘದ ಆರು ಜನ ಹೆಂಗಸರದು ನಮ್ಮ ಮನೆಯ ಹಾಲ್‌ನಲ್ಲಿ. ಎರಡೂ ಸೇರಿದ್ದು ಕಾರ್ಯಕ್ರಮದ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಸಂಘದ ಸಭಾಂಗಣದಲ್ಲಿ. ವಾಂಜಿರು ಹನ್ನೊಂದು ಜನರನ್ನು ಕರೆತಂದಿದ್ದರು. ಹನ್ನೊಂದೂ ಗಂಡಸರು, ಒಬ್ಬೊಬ್ಬರೂ ನಮ್ಮ ಬೀರುವಿನಷ್ಟು ಎತ್ತರ.

"ಹೆಂಗಸರು?" ಎಂದು ಕೇಳಿದಳು ಶೈಲಜಾ.

"ಹಾಳೆಯಲ್ಲಿ ಸಿ ಮೂರು ಅಂತ ಇತ್ತಲ್ಲ ಮ್ವಾಲಿಮು. ಅಷ್ಟು ಕೆಳಗೆ ನಮ್ಮ ಹೆಂಗಸರಿಗೆ ಎಟಕಲ್ಲ. ಅದಕ್ಕೇ ಬೇಸ್ ದನಿಯವರನ್ನೇ ಆರಿಸಿದೆ."

ಶೈಲಜಾ ನನ್ನ ಕಡೆ ನೋಡಿದಳು. ನಾನು ಸೀಲಿಂಗ್ ನೋಡಿದೆ.

ನಮ್ಮವರು ಮೊದಲ ಸಾಲು ಹಾಡಿದರು. ಆಮೇಲೆ ಅವರ ಸರದಿ. ಹನ್ನೊಂದು ಎದೆಗಳಿಂದ, ನೆಲಮಾಳಿಗೆಯಲ್ಲಿ ಗುಡುಗಿದ ಹಾಗೆ, "ನೇರಳೆ ಹಾಸಿದೆ" ಎದ್ದು ಬಂತು. ಮಾತು ನಮ್ಮದೇ, ಉಚ್ಚಾರವೂ ಪರವಾಗಿಲ್ಲ. ಧಾಟಿ ಮಾತ್ರ ಪೂರಾ ಬೇರೆ. ನನಗೇ ಗೊತ್ತಾಯಿತೆಂದರೆ ಯೋಚಿಸಿ.

ಆದದ್ದಿಷ್ಟು. ಅವರಲ್ಲಿ ನಮ್ಮ ಷಡ್ಜಕ್ಕೆ ದೋ ಎಂದು ಹೆಸರು, ಅದರ ಗುರುತು ಡಿ. ನಮ್ಮ ಪಂಚಮಕ್ಕೆ ಸೋ ಎಂದು ಹೆಸರು, ಅದರ ಗುರುತು ಎಸ್. ಹೀಗಾಗಿ ನಾನು 'ಸ' ಎಂದು ಎಸ್ ಹಾಕಿದ ಕಡೆಯಲ್ಲೆಲ್ಲ ಅವರು ಪ ಹಾಡಿದ್ದರು. 'ಧ' ಎಂದು ಡಿ ಹಾಕಿದ ಕಡೆಯಲ್ಲೆಲ್ಲ ಸ ಹಾಡಿದ್ದರು. ರಿ, ಗ, ಪ ಮಾತ್ರ ಹೇಗೋ ಪಾರಾಗಿದ್ದವು.

ಶೈಲಜಾಳ ಮುಖ ನೋಡಲಾಗಲಿಲ್ಲ. ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು, ನನಗದು ಅಭ್ಯಾಸ. ಇದು ಸಿಟ್ಟಲ್ಲ. ಆರು ವರ್ಷ ಕಾದು ತಾನೇ ಕಟ್ಟಿದ ಹಾಡನ್ನು ಯಾರೋ ಅಪರಿಚಿತರ ಕೈಯಲ್ಲಿ ಕಂಡವಳ ಮುಖ. ಅವಳು ಮೆಲ್ಲಗೆ, "ಇದನ್ನ ನಿಮಗೆ ಯಾರು ಹೇಳಿಕೊಟ್ರು?" ಎಂದು ಕೇಳಿದಳು. ವಾಂಜಿರು ಗಾಬರಿಯಿಂದ ಫೋನ್ ತೆಗೆದರು. ಹನ್ನೊಂದು ಗಂಡಸರು, ಆರು ಹೆಂಗಸರು ಸುತ್ತ ನಿಂತು ಓದಿದರು: "ಎಸ್ ಅಂದರೆ ಎಸ್ಸೇ." ಜೊತೆಗೆ ನನ್ನ ಹೆಬ್ಬೆರಳು.

"ಕಾರು ಅಡ್ಡ ನಿಲ್ಲಿಸಿದೀನಿ ಅನ್ಸತ್ತೆ," ಎಂದು ನಾನು ಹೊರಗೆ ಬಂದೆ.

ಒಂದೂವರೆ ಗಂಟೆ ಕಾರಿನಲ್ಲಿ ಕೂತಿದ್ದೆ. ಬಾನೆಟ್ಟಿನ ಮೇಲೆ ಜಕರಾಂಡ ಹೂವು ಒಂದೊಂದೇ ಬೀಳುತ್ತಿತ್ತು, ಬೇಕೆಂದೇ ಬೀಳುತ್ತಿದೆಯೇನೋ ಅನ್ನುವ ಹಾಗೆ. ಆಮೇಲೆ ಶೈಲಜಾ ಬಂದು ಪಕ್ಕದಲ್ಲಿ ಕೂತಳು. ದಾರಿಯುದ್ದಕ್ಕೂ ಏನನ್ನೋ ಬಾಯೊಳಗೇ ಗುನುಗಿಕೊಳ್ಳುತ್ತಿದ್ದಳು. ದುಃಖ ನುಂಗುತ್ತಿದ್ದಾಳೆ ಎಂದುಕೊಂಡೆ. ಕೇಳುವ ಧೈರ್ಯ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಎದ್ದವನೇ ಪ್ರಾಯಶ್ಚಿತ್ತಕ್ಕೆ ಕೂತೆ. ಸ-ಗೆ ಡಿ, ರಿ-ಗೆ ಆರ್, ಗ-ಗೆ ಎಮ್, ಪ-ಗೆ ಎಸ್, ಧ-ಗೆ ಎಲ್. ಮಧ್ಯದ ಸಿ ಮರಳಿ ನಾಲ್ಕಕ್ಕೆ. ಕಾರ್ಖಾನೆಯಲ್ಲಿ ಮಾಡುವ ಹಾಗೆ ಮೂರು ಸಲ ತಾಳೆ ನೋಡಿ, ಹನ್ನೊಂದು ಪ್ರತಿ ತೆಗೆದೆ. ಶೈಲಜಾ ಸೀರೆ ಆರಿಸುವುದರಲ್ಲಿದ್ದಳು, ಹೇಳಲಿಲ್ಲ. ಕೆಲಸ ಮುಗಿಸಿ ಹೇಳಿದರೆ ಕ್ಷಮೆಯ ಪ್ರಮಾಣ ಜಾಸ್ತಿಯಿರುತ್ತದೆ.

ಸಂಜೆ ಕಾರ್ಯಕ್ರಮ ಅರ್ಧ ಮುಗಿದಿದ್ದಾಗ ರಂಗದ ಹಿಂದೆ ಹೋಗಿ, ಹನ್ನೊಂದೂ ಜನರಿಗೆ ಒಂದೊಂದು ಹಾಳೆ ಕೊಟ್ಟೆ. "ಹಳೇದು ತಪ್ಪು. ಇದು ಸರಿಯಾದದ್ದು." ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, "ಅಸಾಂಟೆ, ಬ್ವಾನಾ" ಎಂದು ಥ್ಯಾಂಕ್ಸ್ ಹೇಳಿ ವಿನಯದಿಂದ ತೆಗೆದುಕೊಂಡರು. ಎದೆ ಹಗುರವಾಯಿತು. ಹೋಗಿ ಶೈಲಜಾಳಿಗೆ ಹೇಳಿದೆ.

"ಶೈಲು, ಎಲ್ಲ ಸರಿ ಮಾಡ್ಬಿಟ್ಟೆ."

"ಏನನ್ನ?"

"ಹಾಡನ್ನ. ಹೊಸ ಹಾಳೆ ಕೊಟ್ಟೆ ಅವರಿಗೆ."

ಅವಳ ಕೈಯಲ್ಲಿದ್ದ ಮಲ್ಲಿಗೆ ಕೆಳಗೆ ಬಿತ್ತು. "ಅಯ್ಯೋ ನಿಮ್ಮ! ನಿನ್ನೆ ನಾವು ಅದನ್ನೇ ಇಟ್ಕೊಂಡ್ವಲ್ಲ! ಅವರ ಧಾಟಿ ಕೆಳಗೆ, ನಮ್ಮದು ಮೇಲೆ, ವಾಂಜಿರು ಹೇಳಿದ್ರು ಅಂತ ಎರಡೂ ಒಟ್ಟಿಗೆ ಹಾಡಿ ನೋಡಿದ್ವಿ. ನಾನು ಸ ಹಿಡಿದ್ರೆ ಅವರು ಕೆಳಗೆ ಪ ಹಿಡೀತಾರೆ. ಒಂದು ಸ್ವರಾನೂ ಮೋಹನ ಬಿಟ್ಟು ಆಚೆ ಹೋಗಲ್ಲ ಕಣ್ರೀ! ಜೀವಮಾನದಲ್ಲಿ ನಾನು ಹಾಗೆ ಕೇಳಿರ್ಲಿಲ್ಲ."

"ನನಗ್ಯಾಕೆ ಹೇಳ್ಲಿಲ್ಲ?"

"ನೀವೆಲ್ಲಿದ್ರಿ? ಕಾರ್ ಸರಿಸ್ತಿದ್ರಿ! ಒಂದೂವರೆ ಗಂಟೆ!"

"ಮನೇಗೆ ಬರುವಾಗ?"

"ತಲೇಲಿ ಅದೇ ಓಡ್ತಿತ್ತು, ಮರೆತುಹೋಗ್ಬಾರ್ದು ಅಂತ ಗುನುಗ್ತಿದ್ದೆ. ಈಗ ಓಡಿ, ಆ ಹಾಳೆ ಕಿತ್ಕೊಂಡು ಬನ್ನಿ! ಮುಂದಿನದು ನಾವೇ!"

ಓಡಿದೆ. ಹನ್ನೊಂದು ಜನ ಆಗಲೇ ಪರದೆಯ ಹಿಂದೆ ಎರಡು ಸಾಲಾಗಿ ನಿಂತಿದ್ದರು. ಒಬ್ಬ ಹಾಳೆಯನ್ನು ಬೀಸಣಿಗೆ ಮಾಡಿಕೊಂಡಿದ್ದ, ಇನ್ನೊಬ್ಬ ನಾಲ್ಕು ಮಡಿಕೆ ಮಾಡಿ ಕೋಟಿನ ಜೇಬಿಗೆ ಹಾಕಿದ್ದ. "ಕ್ಷಮಿಸಿ, ಕ್ಷಮಿಸಿ" ಎನ್ನುತ್ತ ಹತ್ತು ವಸೂಲು ಮಾಡಿದೆ. ಹನ್ನೊಂದನೆಯದು ಹಿಂದಿನ ಸಾಲಿನ ನಟ್ಟನಡುವೆ, ಎಲ್ಲರಿಗಿಂತ ಎತ್ತರದ ಒಟಿಯೆನೊ ಎಂಬಾತನ ಕೈಯಲ್ಲಿತ್ತು. ಆತ ಅದನ್ನು ಶ್ರದ್ಧೆಯಿಂದ ಓದುತ್ತಿದ್ದ. ಜನರ ಮಧ್ಯೆ ತೂರಿ ಅಲ್ಲಿಗೆ ತಲುಪುವುದಕ್ಕೂ ಪರದೆ ಸರಿಯುವುದಕ್ಕೂ ಸರಿಹೋಯಿತು.

ಮುಂದೆ ಇನ್ನೂರು ಮುಖಗಳು. ಹೊರಗೆ ಹೋಗಲು ದಾರಿಯಿಲ್ಲ. ಬೀರುಗಳ ನಡುವೆ ಮಣೆ ಇಟ್ಟ ಹಾಗೆ ನಿಂತೆ.

"ಹಳೆಯದನ್ನೇ ಹಾಡಿ," ಎಂದು ತುಟಿ ಅಲ್ಲಾಡಿಸದೆ ಪಿಸುಗುಟ್ಟಿದೆ.

ಒಟಿಯೆನೊ ಬಗ್ಗಿದ. "ಹಳೆಯದು ಅಂದರೆ ತಪ್ಪಾದದ್ದಾ?"

"ಹೌದು. ತಪ್ಪಾದದ್ದೇ ಸರಿ."

"ಮತ್ತೆ ಈ ಸರಿಯಾದದ್ದು?"

"ಇದು ತಪ್ಪು."

"ಆದರೆ ಹತ್ತು ನಿಮಿಷದ ಹಿಂದೆ ನೀವು..."

"ಆಗ ನಾನೂ ತಪ್ಪು."

ಆತ ನನ್ನನ್ನೇ ನೋಡಿದ. ಆ ನೋಟದಲ್ಲಿ ತಿರಸ್ಕಾರವಿರಲಿಲ್ಲ. ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯವನನ್ನು ನೋಡುವ ಕರುಣೆಯಿತ್ತು. ಹಾಳೆಯನ್ನು ಮಡಿಸಿ ನನ್ನ ಜುಬ್ಬದ ಜೇಬಿಗೆ ಹಾಕಿದ. ಅಷ್ಟರಲ್ಲಿ ಶೈಲಜಾ ಹಾಡತೊಡಗಿದಳು.

ಆಮೇಲೆ ನಡೆದದ್ದನ್ನು ಹೇಗೆ ಹೇಳಲಿ? ಅವಳ ದನಿ ಮೇಲೆ ಹೋಯಿತು. ನನ್ನ ಎಡಬಲಗಳಿಂದ, ಕಾಲ ಕೆಳಗಿನ ಹಲಗೆ ನಡುಗುವ ಹಾಗೆ, ಹನ್ನೊಂದು ದನಿಗಳು ಕೆಳಗೆ ಬಂದು ನಿಂತವು. ಅವಳ ಹಾಡನ್ನು ಯಾರೋ ಎರಡೂ ಅಂಗೈಯಲ್ಲಿ ಎತ್ತಿ ಹಿಡಿದ ಹಾಗಿತ್ತು. ಸಭೆಯಲ್ಲಿ ಒಂದು ಕುರ್ಚಿ ಅಲುಗಲಿಲ್ಲ. ಸಾಂಬಾರಿನ ವಿಚಾರ ಯಾರೂ ಎತ್ತಲಿಲ್ಲ. ಎರಡನೆಯ ಚರಣದಲ್ಲಿ ಅವಳು ಒಮ್ಮೆ ಹಿಂತಿರುಗಿ ನೋಡಿದಳು. ಅವಳ ಕಣ್ಣು ತುಂಬಿತ್ತು. ಬೀರುಗಳ ಮಧ್ಯೆ ನನ್ನನ್ನು ಕಂಡಿದ್ದೇ ಆ ಕಣ್ಣು ಅಗಲವಾಯಿತು. "ಬಾಯಿ ಬಿಟ್ಟರೆ ಜೋಕೆ" ಎಂಬುದನ್ನು ಅಷ್ಟು ಸ್ಪಷ್ಟವಾಗಿ ಯಾವ ಲೇಬಲ್ಲೂ ಹೇಳಲಾರದು. ನಾನು ಸದ್ದಿಲ್ಲದೆ ತುಟಿ ಮಾತ್ರ ಆಡಿಸಿದೆ.

ಚಪ್ಪಾಳೆ ನಿಲ್ಲಲಿಲ್ಲ. ಇನ್ನೊಮ್ಮೆ ಹಾಡಿಸಿದರು; ಊಟ ಇಪ್ಪತ್ತು ನಿಮಿಷ ತಡವಾದರೂ ಯಾರೂ ಗೊಣಗಲಿಲ್ಲ. ಧನಂಜಯ ಮೈಕ್ ಹಿಡಿದು, "ಇಂಥ ಹಾಡು ನಮ್ಮ ಸಂಘದಲ್ಲಿ ಇದುವರೆಗೆ ಆಗಿರಲಿಲ್ಲ. ಆ ಕೆಳಗಿನ ಸ್ವರಗಳನ್ನ ಜೋಡಿಸಿದ್ದು ಯಾರು ಶೈಲಜಾ ಅವರೇ?" ಎಂದರು.

ನಾನು ಜುಬ್ಬ ಸರಿಮಾಡಿಕೊಂಡು ಅರ್ಧ ಹೆಜ್ಜೆ ಮುಂದಿಟ್ಟೆ.

"ಯಾರೂ ಜೋಡಿಸಲಿಲ್ಲ ಸರ್," ಅಂದಳು ಶೈಲಜಾ. "ತಪ್ಪು ನಮ್ಮ ಯಜಮಾನರದು. ಅದರಲ್ಲಿ ಸಂಗೀತ ಕಂಡಿದ್ದು ವಾಂಜಿರು ಅವರು."

ಸಭೆಗೆ ಸಭೆಯೇ ನಕ್ಕಿತು. ಅರ್ಧ ಹೆಜ್ಜೆ ಹಿಂದಿಟ್ಟೆ.

ಊಟದ ಹೊತ್ತಿನಲ್ಲಿ ಅಪೇಕ್ಷಾ ಫೋನಿನಲ್ಲಿ ವಿಡಿಯೊ ತೋರಿಸಿದಳು. "ಅಪ್ಪಾ, ಯು ಲುಕ್ ಲೈಕ್ ಯು ಆರ್ ಚೂಯಿಂಗ್ ಸಮ್‌ಥಿಂಗ್." ಅಷ್ಟರಲ್ಲಿ ವಾಂಜಿರು ಹೋಳಿಗೆಯ ತಟ್ಟೆ ಹಿಡಿದು ಬಂದರು.

"ಬ್ವಾನಾ ಚಕ್ರ, ನಮ್ಮ ಗಂಡಸರ ಹಿಂದಿನ ಸಾಲಿನಲ್ಲಿ ಒಬ್ಬರು ಕಡಿಮೆ. ಆರು ಮುಂದೆ, ಐದು ಹಿಂದೆ, ನೋಡೋಕೆ ಸರಿ ಬರಲ್ಲ. ಇವತ್ತು ನೀವು ನಿಂತಾಗ ಎಷ್ಟು ಚೆನ್ನಾಗಿತ್ತು! ಮ್ವಾಲಿಮು ಒಪ್ಪಿದ್ದಾರೆ. ಭಾನುವಾರ ಎಂಟು ಗಂಟೆಗೆ."

"ಆದರೆ ನನಗೆ ಹಾಡೋಕೆ..."

"ಹಾಡೋದು ಬೇಡ," ಅಂದರು ವಾಂಜಿರು ಮತ್ತು ಶೈಲಜಾ, ಒಂದೇ ಸ್ವರದಲ್ಲಿ.

ಈಗ ಪ್ರತಿ ಭಾನುವಾರ ಪಂಗಾನಿಗೆ ಹೋಗುತ್ತೇನೆ. ಹಿಂದಿನ ಸಾಲಿನಲ್ಲಿ ಒಟಿಯೆನೊ ಪಕ್ಕದಲ್ಲಿ ಬಾಯಿ ಮುಚ್ಚಿ ನಿಲ್ಲುತ್ತೇನೆ. ಎಲ್ಲರಿಗೂ ಹಾಳೆ ಕೊಡುತ್ತಾರೆ, ನನ್ನನ್ನು ದಾಟಿ ಹೋಗುತ್ತಾರೆ. ಆದರೂ ಪ್ರಗತಿ ಇದೆ. ಕಳೆದ ವಾರ ವಾಂಜಿರು ಒಂದು ಹಾಡಿನ ಕೊನೆಯ ಸ್ವರವನ್ನು ಬಾಯಿ ತೆರೆಯದೆ ಗುಂಯ್‌ಗುಡಲು ಅನುಮತಿ ಕೊಟ್ಟರು. ಆ ಸ್ವರದ ಹೆಸರೇನು, ಅದು ಮೂರೋ ನಾಲ್ಕೋ ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.